ಶನಿವಾರದ ಸಾಲುಗಳು

ಚಿಕ್ಕಮಗಳೂರಿನಲ್ಲಿ ನಮ್ಮ ತಂದೆಯವರು ಆರಂಭಿಸಿದ ಕಾಫಿಪುಡಿ ಅಂಗಡಿಯನ್ನು ನಾನು ವಹಿಸಿಕೊಂಡು ಹದಿನಾಲ್ಕು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ನನ್ನ ನಿದ್ದೆಗೆಡಿಸಿದ್ದು ವ್ಯಾಪಾರ ದುಪ್ಪಟ್ಟಾದ ವರ್ಷ.

ಬೆಂಗಳೂರಿನ ಹೋಟೆಲೊಂದು ತನ್ನ ಎಲ್ಲ ಶಾಖೆಗಳಿಗೂ ನಮ್ಮ ಪುಡಿಯನ್ನೇ ಕೇಳಿತು. ಹಣ ಎರಡು ತಿಂಗಳ ನಂತರ ಎಂದರು. ಹಿಂದುಮುಂದು ನೋಡದೆ ಒಪ್ಪಿಕೊಂಡೆ.

ಲೆಕ್ಕ ಹೀಗಿದೆ ನೋಡಿ. ತಿಂಗಳಿಗೆ 500 ಕಿಲೋ ಪುಡಿ, ಕಿಲೋಗೆ 600 ರೂಪಾಯಿ ಎಂದುಕೊಳ್ಳೋಣ. ಎರಡು ತಿಂಗಳ ಸಾಲವೆಂದರೆ 6 ಲಕ್ಷ ಹೊರಗಿರುತ್ತದೆ. ಮಾರಾಟ 1,000 ಕಿಲೋಗೆ ಏರಿದರೆ ಹೊರಗೆ ನಿಲ್ಲುವುದು 12 ಲಕ್ಷ. ಕಿಲೋಗೆ 60 ರೂಪಾಯಿ ಉಳಿದರೂ ತಿಂಗಳ ಲಾಭ 60 ಸಾವಿರ. ಹೆಚ್ಚುವರಿಯಾಗಿ ಸಿಕ್ಕಿಬಿದ್ದ ಆ 6 ಲಕ್ಷವನ್ನು ತುಂಬಲು ಹತ್ತು ತಿಂಗಳ ಲಾಭವಿಡೀ ಬೇಕು. ವ್ಯಾಪಾರ ಬೆಳೆದಷ್ಟೂ ಗಲ್ಲಾಪೆಟ್ಟಿಗೆ ಬರಿದಾಗುವುದು ಹೀಗೆ.

ನಮ್ಮ ಕಸುಬಿನಲ್ಲಿ ಇನ್ನೊಂದು ಕಷ್ಟವಿದೆ. ಬೀಜ ಕೊಳ್ಳುವುದಕ್ಕೆ ಒಂದು ಕಾಲವಿದೆ. ಅರೇಬಿಕಾ ಕೊಯ್ಲು ಮುಗಿದು ರೋಬಸ್ಟಾ ಒಣಗುತ್ತಿರುವಾಗಲೇ ಕೈಯಲ್ಲಿ ಹಣವಿರಬೇಕು, ಏಕೆಂದರೆ ಬೀಜ ಕೊಡುವವರು ನಗದು ಕೇಳುತ್ತಾರೆ. ಹುರಿದಾಗ ತೂಕದಲ್ಲಿ ಆರನೇ ಒಂದು ಭಾಗದಷ್ಟು ಆವಿಯಾಗಿ ಹೋಗುತ್ತದೆ, ಆ ನಷ್ಟವೂ ನಮ್ಮದೇ. ಆ ವರ್ಷ ಹೋಟೆಲಿನವರ ಎರಡು ತಿಂಗಳು ಐದಾಯಿತು. ಫೆಬ್ರುವರಿಯಲ್ಲಿ ಬಿಟ್ಟ ಬೀಜವನ್ನೇ ಜೂನ್‌ನಲ್ಲಿ ಹೆಚ್ಚಿನ ಬೆಲೆಗೆ ತಂದೆ. ಪುಡಿಯ ದರವನ್ನು ಮಾತ್ರ ಏರಿಸಲಾಗಲಿಲ್ಲ. ಎರಡನೆಯ ಹುರಿಯುವ ಯಂತ್ರದ ಮಾತು ಅಲ್ಲಿಗೇ ನಿಂತಿತು.

ಕಾಯುವುದರ ಸಂಕಟ ಮಲೆನಾಡಿಗೆ ಹೊಸದಲ್ಲ. ಬೆಳೆಗಾರರು ಕೊಯ್ದ ಕಾಫಿಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸಬೇಕಿದ್ದ ಕಾಲದಲ್ಲಿ ಹಣ ಕಂತುಕಂತಾಗಿ ಬರುತ್ತಿತ್ತು. 1992ರ ನಂತರ ಹಂತಹಂತವಾಗಿ ಮುಕ್ತ ಮಾರಾಟಕ್ಕೆ ಅವಕಾಶ ಸಿಕ್ಕಿತು, 1996ರ ಹೊತ್ತಿಗೆ ಪೂರ್ಣ ಸ್ವಾತಂತ್ರ್ಯ. ಅದೇ ವರ್ಷ ಈ ಜಿಲ್ಲೆಯ ವಿ.ಜಿ. ಸಿದ್ಧಾರ್ಥ ಅವರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಅವರ ಧೈರ್ಯದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಅದು ನ್ಯಾಯವೇ. ಆದರೆ ಬೆಳೆದವನು ತನ್ನ ಮಾಲನ್ನು ತನಗೆ ಬೇಕಾದವರಿಗೆ ಮಾರಿ ಹಣವನ್ನು ಬೇಗ ಕೈಗೆ ತಂದುಕೊಳ್ಳುವ ದಾರಿ ತೆರೆದದ್ದೂ ಅಷ್ಟೇ ದೊಡ್ಡ ಸಂಗತಿ ಎಂದು ನನಗೆ ಅನ್ನಿಸುತ್ತದೆ.

ಈಗ ಉದ್ಯಮ ಬೆಳೆಸುವ ಮಾತು ಬಂದರೆ ಎಲ್ಲರೂ ಸಾಲದ ಯೋಜನೆಗಳನ್ನೇ ಹೇಳುತ್ತಾರೆ. ಮುದ್ರಾ ಸಾಲದ ಮಿತಿ 2024ರಲ್ಲಿ 20 ಲಕ್ಷಕ್ಕೆ ಏರಿತು, ಒಳ್ಳೆಯದೇ. ಆದರೆ ನನ್ನದೇ ಹಣ ಇನ್ನೊಬ್ಬರ ಬಳಿ ಕುಳಿತಿರುವಾಗ ನಾನು ಬ್ಯಾಂಕಿಗೆ ಬಡ್ಡಿ ಏಕೆ ಕಟ್ಟಬೇಕು? ಕಾನೂನು ನಮ್ಮ ಪರವಾಗಿಯೇ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ ಸಣ್ಣ ಉತ್ಪಾದಕರಿಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಆನ್‌ಲೈನ್ ವ್ಯವಸ್ಥೆಯೂ ಇದೆ. ನಾನು ಕೊಡಲಿಲ್ಲ. ಕೊಟ್ಟ ಮರುದಿನವೇ ಆರ್ಡರ್ ಬೇರೆಯವರ ಪಾಲಾಗುತ್ತದೆ ಎಂಬ ಭಯ. ಈ ಭಯ ನಮ್ಮ ಊರಿನ ಬಡಗಿಗೂ ಇದೆ, ಮುದ್ರಣಾಲಯದವರಿಗೂ ಇದೆ, ಮದುವೆಮನೆಗಳಿಗೆ ಹಪ್ಪಳ ಸಂಡಿಗೆ ಮಾಡಿಕೊಡುವ ನಮ್ಮ ಪಕ್ಕದ ಬೀದಿಯ ಅಕ್ಕನಿಗೂ ಇದೆ. ಇವರಲ್ಲಿ ಕೆಲಸ ಬಾರದವರು ಯಾರೂ ಇಲ್ಲ, ಗಿರಾಕಿ ಇಲ್ಲದವರೂ ಇಲ್ಲ. ಇವರು ಇದ್ದಲ್ಲೇ ಉಳಿದಿರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಕೊನೆಗೆ ನಾನು ಆ ದೊಡ್ಡ ಗಿರಾಕಿಯನ್ನು ಬಿಟ್ಟೆ. ಮನೆಯಲ್ಲಿ ಯಾರಿಗೂ ಒಪ್ಪಿಗೆ ಇರಲಿಲ್ಲ. ಬದಲಿಗೆ ಬೇಲೂರು, ಹಾಸನ, ಕಡೂರಿನ ಸಣ್ಣ ಹೋಟೆಲುಗಳನ್ನು ಹಿಡಿದೆ. ವಾರಕ್ಕೆ ಹತ್ತೋ ಇಪ್ಪತ್ತೋ ಕಿಲೋ, ಮಾಲು ಇಳಿಸಿದ ವಾರದಲ್ಲೇ ಹಣ.

ಹಾಸನದಲ್ಲಿ ಬಸ್ ನಿಲ್ದಾಣದ ಹತ್ತಿರ ಇಡ್ಲಿ, ವಡೆ, ಕಾಫಿ ಮಾತ್ರ ಮಾಡುವ ಒಬ್ಬ ಹಿರಿಯರಿದ್ದಾರೆ. ಪ್ರತಿ ಶನಿವಾರ ಸಂಜೆ ಹಣ ಹಾಕಿ, "ಬಂತೇನಪ್ಪಾ?" ಎಂದು ತಾವೇ ಫೋನ್ ಮಾಡುತ್ತಾರೆ. ಮೊತ್ತ ದೊಡ್ಡದಲ್ಲ. ಹೋದ ವರ್ಷ ಎರಡನೆಯ ಯಂತ್ರಕ್ಕೆಂದು ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ನನ್ನ ಖಾತೆಯ ವಿವರಗಳನ್ನು ಹಾಳೆ ಹಾಳೆಯಾಗಿ ತಿರುವಿದರು. ಒಂದು ಕಡೆ ಪೆನ್ನು ನಿಲ್ಲಿಸಿ, "ಇದು ಯಾರು, ವಾರ ತಪ್ಪದೆ?" ಎಂದು ಕೇಳಿದರು. ಅವರ ಪೆನ್ನು ನಿಂತಿದ್ದುದು ಆ ಶನಿವಾರದ ಸಾಲಿನ ಮೇಲೆ.