ಜೌಗು ನೆಲ ಚೇತರಿಸಿತಾ ಅಂತ ಹೇಳಲು ಉಪಗ್ರಹ ಸಾಕೇ?

ಪರ: ಕೋಲು ಹಿಡಿದು ಎಷ್ಟು ದೂರ ನಡೆಯುತ್ತೀರಿ?

ಸ್ಕಾಟ್ಲೆಂಡಿನ ಉತ್ತರ ತುದಿಯ ಫ್ಲೋ ಕಂಟ್ರಿ ಹತ್ತಿರಹತ್ತಿರ ನಮ್ಮ ಕೊಡಗಿನಷ್ಟು ದೊಡ್ಡದು, ಸುಮಾರು 4,000 ಚದರ ಕಿಲೋಮೀಟರ್. ಸಾವಿರಾರು ವರ್ಷ ನೀರಲ್ಲೇ ಇದ್ದು, ಪೂರ್ತಿ ಕೊಳೆಯದ ಪಾಚಿ ಅಲ್ಲಿ ಪದರ ಪದರವಾಗಿ ಕೂತು ಪೀಟ್ ಮಣ್ಣಾಗಿದೆ. 1980ರ ದಶಕದಲ್ಲಿ ತೆರಿಗೆ ವಿನಾಯಿತಿಯ ಆಸೆಗೆ ಬಸಿಗಾಲುವೆ ತೋಡಿ, ಹೊರಗಿನ ಮರ ನೆಟ್ಟರು. ನೆಲ ಒಣಗಿ ಕುಸಿಯಿತು. ಈಗ ಮರ ಕಡಿದು ಕಾಲುವೆ ಮುಚ್ಚುತ್ತಿದ್ದಾರೆ. ನೀರು ನಿಂತಿತಾ ಅಂತ ನೋಡುವವರು ಯಾರು?

ಯುರೋಪಿನ ಸೆಂಟಿನೆಲ್-1 ರೇಡಾರ್ ಉಪಗ್ರಹಗಳು ನೋಡುತ್ತವೆ. ಮೋಡ ಕವಿದಿರಲಿ, ರಾತ್ರಿಯಿರಲಿ, ಒಂದೊಂದೂ ಅದೇ ದಾರಿಯಲ್ಲಿ 12 ದಿನಕ್ಕೊಮ್ಮೆ ಬರುತ್ತದೆ. ಹೋದ ಸಲ ವಾಪಸ್ ಬಂದ ರೇಡಾರ್ ಅಲೆಯನ್ನು ಈ ಸಲದ ಅಲೆಯ ಪಕ್ಕ ಇಟ್ಟರೆ, ನೆಲ ಎಷ್ಟು ಮಿಲಿಮೀಟರ್ ಏರಿತು, ಇಳಿಯಿತು ಅಂತ ಗೊತ್ತಾಗುತ್ತದೆ. ಚೆನ್ನಾಗಿರುವ ಜೌಗು ಮಳೆಗೆ ಉಬ್ಬಿ ಬೇಸಿಗೆಗೆ ತಗ್ಗುತ್ತದೆ, ಉಸಿರಾಡಿದ ಹಾಗೆ. ಈ ಡೇಟಾ ಪುಕ್ಕಟೆ. ಬೆಂಗಳೂರಲ್ಲಿ ಕೂತು ನಾನೇ ಇಳಿಸಿಕೊಂಡು ನೋಡುತ್ತೇನೆ. ಆ ಏರಿಳಿತದ ಗೆರೆ ಮೊದಲ ಸಲ ತೆರೆ ಮೇಲೆ ಮೂಡಿದಾಗ ಮೈ ಜುಂ ಅಂದಿತ್ತು. 2025ರ ಜುಲೈ 30ರಂದು ಇಸ್ರೋ-ನಾಸಾ ಸೇರಿ ಹಾರಿಸಿದ ನಿಸಾರ್ ಉಪಗ್ರಹದಲ್ಲಿ ಇನ್ನೂ ಉದ್ದದ ಅಲೆ ಇದೆ, ಎಲೆ-ಕೊಂಬೆಗಳನ್ನು ಹೆಚ್ಚು ದಾಟುತ್ತದೆ. ಕೋಲು ಊರಿಯೇ ಅಳೆಯಬೇಕು ಅನ್ನುವವರು ಹೇಳಲಿ: ಎಷ್ಟು ಕೋಲು? ಎಷ್ಟು ಜನ? ಮೋಡ, ಮಳೆ, ದೂರ ಯಾವುದೂ ಉಪಗ್ರಹವನ್ನು ತಡೆಯುವುದಿಲ್ಲ.

ವಿರೋಧ: ಗುಳುಗುಳು ಸದ್ದು

ಉಪಗ್ರಹ ಬೇಡ ಅಂತ ನಾನು ಹೇಳುತ್ತಿಲ್ಲ. ಅದೊಂದನ್ನೇ ನಂಬಬೇಡಿ ಅಂತೀನಿ, ಅಷ್ಟೇ. 2021ರ ಡಿಸೆಂಬರಿನಲ್ಲಿ ಆಗಿದ್ದ ಎರಡು ಸೆಂಟಿನೆಲ್-1 ಉಪಗ್ರಹಗಳಲ್ಲಿ ಒಂದಾದ 1ಬಿ ಕೆಟ್ಟಿತು. ಯುರೋಪಿಗೆ 6 ದಿನಕ್ಕೊಮ್ಮೆ ಸಿಗುತ್ತಿದ್ದ ಅಳತೆ 12 ದಿನಕ್ಕೆ ಹೋಯಿತು. ಬರಗಾಲದಲ್ಲಿ ಎರಡು ಅಳತೆಗಳ ನಡುವೆ ನೆಲ ದಿಢೀರನೆ ಜಾಸ್ತಿ ಕುಸಿದರೆ ಲೆಕ್ಕವೇ ತಪ್ಪಬಹುದು.

ಒಮ್ಮೆ ಅದೇ ಸೀಮೆಯ ಫಾರ್ಸಿನಾರ್ಡ್‌ಗೆ ಹೋಗಿದ್ದೆ. ಅಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಒಂದು ಹಿಡಿ ಪಾಚಿ ಕಿತ್ತು ಹಿಂಡಿದರು. ಒಗೆದ ಬಟ್ಟೆ ಹಿಂಡಿದ ಹಾಗೆ ನೀರು ಸುರಿಯಿತು. ಆಮೇಲೆ ನೆಲದಲ್ಲಿ ಹೂತಿದ್ದ, ತೂತು ಕೊರೆದ ಪೈಪಿನೊಳಗೆ ಸಣ್ಣ ನಳಿಕೆ ಇಳಿಸುತ್ತಾ ಊದಿದರು. ಗುಳುಗುಳು ಅಂತ ಸದ್ದು ಬಂದ ಕೂಡಲೇ ನಿಲ್ಲಿಸಿ, ಬೆರಳಿಟ್ಟು, ಎಷ್ಟು ಆಳ ಅಂತ ಬರೆದುಕೊಂಡರು. ನೀರು ಅಂಗೈ ಅಗಲದಷ್ಟು ಕೆಳಗಿತ್ತು. ಹತ್ತು ಹೆಜ್ಜೆ ಆಚೆ, ಹಳೆಯ ಬಸಿಗಾಲುವೆ ಪಕ್ಕದ ಪೈಪಿನಲ್ಲಿ ಮೊಣಕೈ ಉದ್ದ ಇಳಿಸಿದರೂ ಸದ್ದು ಬರಲಿಲ್ಲ. ಸೆಂಟಿನೆಲ್ ಕಣ್ಣಿಗೆ ಹೆಚ್ಚುಕಡಿಮೆ 5 ಮೀಟರಿಗೆ 20 ಮೀಟರಿನ ಜಾಗ ಒಂದೇ ಚುಕ್ಕಿ. ಆ ಎರಡು ಪೈಪೂ ಒಂದೇ ಚುಕ್ಕಿಯೊಳಗೆ ಬಿದ್ದರೆ, ಕಾಲುವೆ ಇನ್ನೂ ನೀರು ಎಳೆಯುತ್ತಿದೆ ಅಂತ ಹೇಳುವುದು ಆ ನಳಿಕೆ ಮಾತ್ರ.