ಕೊನೆಯ ಸ್ಟೇಷನ್ನಿಗೆ ರೈಟ್ ಟೈಮ್, ನಡುವೆ ಇಳಿಯುವವರಿಗೆ?

ಬೆಂಗಳೂರಿನ ಸುತ್ತಮುತ್ತ ಓಡಾಡುವ ಮೆಮು ಗಾಡಿಗಳ (ಕರೆಂಟಿನ ಲೋಕಲ್ ರೈಲು) ಮಾತು ಬಂದರೆ ಕೇಳಿಸೋದು ಎರಡೇ ವಾದ. 'ಒಂದು ದಿನಾನೂ ಟೈಮಿಗೆ ಬರಲ್ಲ' ಅಂತ ಪಾಸಿನವರು. 'ಬಹುಪಾಲು ಗಾಡಿಗಳು ಟೈಮಿಗೇ ಬರ್ತಿವೆ' ಅಂತ ರೈಲ್ವೆ ಇಲಾಖೆ. ತಮಾಷೆ ಏನಂದ್ರೆ ಇಬ್ಬರೂ ಸುಳ್ಳು ಹೇಳ್ತಿಲ್ಲ. ಲೆಕ್ಕ ಹಾಕೋ ಜಾಗ ಬೇರೆ ಬೇರೆ, ಅಷ್ಟೇ.

ಗಾಡಿ ಸಮಯಕ್ಕೆ ಬಂತೋ ಇಲ್ಲವೋ ಅಂತ ರೈಲ್ವೆ ತೀರ್ಮಾನ ಮಾಡೋದು ಅದು ಕೊನೆಯ ಸ್ಟೇಷನ್ ಮುಟ್ಟಿದ ಗಳಿಗೆ ನೋಡಿ. ಬಂಗಾರಪೇಟೆ ಕಡೆಯಿಂದ ಬರೋ ಗಾಡಿ ವೈಟ್‌ಫೀಲ್ಡಿಗೆ 20 ನಿಮಿಷ, ಕೆ.ಆರ್. ಪುರಕ್ಕೆ 22 ನಿಮಿಷ ತಡವಾಗಿ ಬಂದು, ಮೆಜೆಸ್ಟಿಕ್‌ಗೆ (ಕೆಎಸ್‌ಆರ್ ಬೆಂಗಳೂರು ಸ್ಟೇಷನ್) ಮಾತ್ರ ಸರಿಯಾದ ಹೊತ್ತಿಗೆ ಸೇರಿತು ಅಂದುಕೊಳ್ಳಿ. ದಾಖಲೆಯಲ್ಲಿ ಅದು ರೈಟ್ ಟೈಮ್. ಆದರೆ ಐಟಿ ಕಂಪನಿಗೆ, ಕಾರ್ಖಾನೆಗೆ, ಕಾಲೇಜಿಗೆ ಹೋಗೋ ಜನ ಅಷ್ಟರಲ್ಲಿ ವೈಟ್‌ಫೀಲ್ಡಲ್ಲೋ ಕೆ.ಆರ್. ಪುರದಲ್ಲೋ ಇಳಿದು ಮೇಲಿನವರ ಮುಖ ನೋಡೋಕೆ ಓಡಿರ್ತಾರೆ.

22 ನಿಮಿಷ ತಡವಾಗಿದ್ದ ಗಾಡಿ ಅಷ್ಟು ಹತ್ತಿರದಲ್ಲೇ ಹೇಗೆ ಸರಿಹೋಯ್ತು? ನೀವೇ ನೋಡಬಹುದು, ಐದು ನಿಮಿಷದ ಕೆಲಸ. ಗಾಡಿ ಎಲ್ಲಿದೆ ಅಂತ ತೋರಿಸೋ ರೈಲ್ವೆಯ ಎನ್‌ಟಿಇಎಸ್‌ನಲ್ಲಿ ಊರೊಳಗೆ ಬರೋ ಒಂದು ಗಾಡಿಯ ವೇಳಾಪಟ್ಟಿ ತೆಗೀರಿ. ಕೊನೆಯ ಎರಡು ಸ್ಟೇಷನ್ ನಡುವೆ ಎಷ್ಟು ನಿಮಿಷ ಕೊಟ್ಟಿದ್ದಾರೆ ಬರ್ಕೊಳ್ಳಿ. ಆಮೇಲೆ ಅದೇ ಮಾರ್ಗದಲ್ಲಿ ಊರಿಂದ ಹೊರಗೆ ಹೋಗೋ ಗಾಡಿ ತೆಗೆದು, ಅದೇ ಎರಡು ಸ್ಟೇಷನ್ ನಡುವೆ ಎಷ್ಟು ಕೊಟ್ಟಿದ್ದಾರೆ ನೋಡಿ. ಅದೇ ದೂರ, ಅದೇ ಥರದ ಗಾಡಿ. ಕಂಟೋನ್ಮೆಂಟ್ (ಬೋರ್ಡಿನ ಮೇಲೆ ಈಗಲೂ 'ಬೆಂಗಳೂರು ದಂಡು', ಚೆಂದದ ಹೆಸರು) ಮತ್ತು ಮೆಜೆಸ್ಟಿಕ್ ಮಧ್ಯೆ ಇರೋದು ನಾಲ್ಕೈದು ಕಿಲೋಮೀಟರ್. ಬರೋ ಗಾಡಿಗೆ ಕೊಟ್ಟ ಸಮಯದಿಂದ ಹೋಗೋ ಗಾಡಿಯ ಸಮಯ ಕಳೆದರೆ ಉಳಿಯೋದೇ ವೇಳಾಪಟ್ಟಿಯೊಳಗಿನ ಗಂಟು, ಅಂದರೆ ಕೂಡಿಟ್ಟ ಹೆಚ್ಚುವರಿ ನಿಮಿಷಗಳು.

ಈ ಗಂಟು ಇಡೋದೇ ಮೋಸ ಅಂತ ನಾನು ಹೇಳಲ್ಲ. ಹಳಿ ಕೆಲಸ ನಡೆಯೋ ಕಡೆ ಕಾಷನ್ ಆರ್ಡರ್ ಇರುತ್ತೆ, ವೇಗ ಇಳಿಸಲೇಬೇಕು. ಮೆಜೆಸ್ಟಿಕ್‌ನ 10 ಪ್ಲಾಟ್‌ಫಾರಂಗಳಲ್ಲಿ ಒಂದು ಖಾಲಿಯಾಗೋ ತನಕ ಔಟರ್‌ನಲ್ಲಿ, ಅಂದರೆ ಸ್ಟೇಷನ್ ಹೊರಗಿನ ಸಿಗ್ನಲ್ ಹತ್ತಿರ, ಕಾಯಬೇಕು. ಅದಕ್ಕೆಲ್ಲ ಹೆಚ್ಚುವರಿ ನಿಮಿಷ ಬೇಕೇ ಬೇಕು. ನನ್ನ ತಕರಾರು ಅದನ್ನೆಲ್ಲ ತಂದು ಕೊನೆಯಲ್ಲಿ ಸುರಿಯೋದರ ಬಗ್ಗೆ. ದೂರದ ಎಕ್ಸ್‌ಪ್ರೆಸ್‌ಗೆ ಅದು ನಡೆಯುತ್ತೆ, ತುಂಬ ಜನ ಕೊನೆಯಲ್ಲೇ ಇಳೀತಾರೆ. ದಿನಾ ಓಡಾಡೋರ ಗಾಡಿಗೆ ಅದೇ ನಿಮಿಷಗಳನ್ನ ಮಾಲೂರಿಗೆ ಎರಡು, ವೈಟ್‌ಫೀಲ್ಡಿಗೆ ನಾಲ್ಕು, ಬೈಯಪ್ಪನಹಳ್ಳಿಗೆ ಮೂರು ಅಂತ ಹಂಚಿದರೆ ಒಟ್ಟು ಪ್ರಯಾಣದ ಸಮಯ ಒಂದು ನಿಮಿಷವೂ ಹೆಚ್ಚಾಗಲ್ಲ. ಹಾಗೆ ಮಾಡೋಕೆ ಏನು ಅಡ್ಡಿ?

ಇನ್ನು ತಡ ಶುರುವಾಗೋ ಜಾಗಕ್ಕೆ ಬರೋಣ. ಎಲ್ಲರೂ ಬೈಯೋದು ಲೂಪ್ ಲೈನನ್ನ, ಅಂದರೆ ಬೇರೆ ಗಾಡಿಗೆ ದಾರಿ ಬಿಡೋಕೆ ನಮ್ಮ ಗಾಡಿಯನ್ನ ನಿಲ್ಲಿಸೋ ಪಕ್ಕದ ಹಳಿಯನ್ನ. 'ಎಕ್ಸ್‌ಪ್ರೆಸ್ ಪಾಸ್ ಆಗೋಕೆ ಒಂದು ನಿಮಿಷ, ನಮ್ಮನ್ನ ಯಾಕೆ ಕಾಲು ಗಂಟೆ ಕೂರಿಸ್ತಾರೆ?' ಒಂದು ಸಲ ಲೆಕ್ಕ ಹಾಕಿ ನೋಡಿ. ಮೇನ್ ಲೈನಿಂದ ಲೂಪಿಗೆ ತಿರುಗೋ ಪಾಯಿಂಟ್ (ಹಳಿ ಕವಲೊಡೆಯೋ ಜಾಗ) 1ಕ್ಕೆ 12ರ ಓರೆಯದಾಗಿದ್ದರೆ ವೇಗ ಗಂಟೆಗೆ 30, ಹಳೇ ಥರದ 1ಕ್ಕೆ ಎಂಟೂವರೆಯದಾಗಿದ್ದರೆ ಬರೀ 15 ಕಿಲೋಮೀಟರ್. ಎಂಟು ಬೋಗಿ ಮೆಮು ಅಂದರೆ ಸುಮಾರು 170 ಮೀಟರ್ ಉದ್ದ. 15ರ ವೇಗದಲ್ಲಿ ಆ ಉದ್ದ ಪಾಯಿಂಟ್ ದಾಟೋಕೇ 40 ಸೆಕೆಂಡ್ ಬೇಕು, ಮುಂಚಿನ ಬ್ರೇಕಿಂಗ್ ಬೇರೆ. ಹಿಂದೆ ಬರ್ತಿರೋ ಎಕ್ಸ್‌ಪ್ರೆಸ್ ಡ್ರೈವರಿಗೆ ದೂರದಿಂದಲೇ ಹಸಿರು ಕಾಣಬೇಕು, ಹಾಗಾಗಿ ಅದು ಬರೋಕೆ ನಾಲ್ಕೈದು ನಿಮಿಷ ಮೊದಲೇ ಮೆಮು ಮೇನ್ ಲೈನ್ ಬಿಟ್ಟುಕೊಡಬೇಕು. ಎಕ್ಸ್‌ಪ್ರೆಸ್ ಹೋದ ಮೇಲಾದರೂ ಬಿಡ್ತಾರಾ? ಇಲ್ಲ. ಹಳೇ ಬ್ಲಾಕ್ ಪದ್ಧತಿ ಇರೋ ಕಡೆ ಎರಡು ಸ್ಟೇಷನ್ ನಡುವೆ ಒಂದು ಸಲಕ್ಕೆ ಒಂದೇ ಗಾಡಿ. ಮುಂದಿನ ಸ್ಟೇಷನ್ 8 ಕಿಲೋಮೀಟರ್ ಇದ್ದು ಎಕ್ಸ್‌ಪ್ರೆಸ್ 80ರಲ್ಲಿ ಓಡಿದರೆ ಇನ್ನೂ 6 ನಿಮಿಷ. ಎಲ್ಲ ಕೂಡಿಸಿ, ಹನ್ನೆರಡು ಹದಿಮೂರು ನಿಮಿಷ ಆಗೋಯ್ತು. ಆಟೊಮ್ಯಾಟಿಕ್ ಸಿಗ್ನಲ್ ಬಂದ ಕಡೆ ಕಿಲೋಮೀಟರಿಗೊಂದರಂತೆ ಸಿಗ್ನಲ್ ಇರೋದರಿಂದ ಈ ಕೊನೆಯ 6 ನಿಮಿಷ ಎರಡಕ್ಕೆ ಇಳಿಯುತ್ತೆ. ಹೊಸ ಗಾಡಿ ಬಿಡಿ ಅಂತ ಮನವಿ ಕೊಡೋ ಸಂಘಗಳು ಮೊದಲು ಆಟೊಮ್ಯಾಟಿಕ್ ಸಿಗ್ನಲ್ ಕೇಳಬೇಕು ಅಂತ ನನ್ನ ಅಭಿಪ್ರಾಯ. ಹಸಿರು ಬಾವುಟ ತೋರಿಸೋ ಫೋಟೊ ಅದರಲ್ಲಿ ಸಿಗಲ್ಲ, ಅದೊಂದೇ ಕಷ್ಟ.

ಎರಡನೇದು ಗೇಟು. ಸಿಗ್ನಲ್‌ಗೆ ಜೋಡಿಸಿದ ಲೆವೆಲ್ ಕ್ರಾಸಿಂಗ್‌ನಲ್ಲಿ ಎರಡೂ ಕಡೆಯ ಕಂಬ ಪೂರ್ತಿ ಕೆಳಗಿಳಿದು ಲಾಕ್ ಆಗೋ ತನಕ ಗಾಡಿಗೆ ಸಿಗ್ನಲ್ ಬೀಳಲ್ಲ. ಸಂಜೆ ಆರೂವರೆಗೆ ಕಂಬ ಅರ್ಧಕ್ಕೆ ಬಂದಿರುತ್ತೆ, ಒಬ್ಬ ಸ್ಕೂಟರ್ ಓರೆ ಮಾಡಿ ನುಗ್ಗಿಸ್ತಾನೆ, ಅವನ ಹಿಂದೆ ಇನ್ನಿಬ್ಬರು, ಅವರ ಹಿಂದೆ ಆಟೊ. ಗೇಟ್‌ಮನ್ ಮತ್ತೆ ಕಂಬ ಎತ್ತಲೇಬೇಕು. ಅಷ್ಟು ಹೊತ್ತು ಸಾವಿರ ಜನ ಇರೋ ಗಾಡಿ ಕೆಂಪು ದೀಪದ ಮುಂದೆ ಹಾರ್ನ್ ಹೊಡೀತಾ ನಿಂತಿರುತ್ತೆ. ನುಗ್ಗಿದವರೂ ಗಾಡಿಯೊಳಗೆ ಶಾಪ ಹಾಕೋರೂ ಎಷ್ಟೋ ಸಲ ಒಂದೇ ಬಡಾವಣೆಯವರು.

ಮೂರನೇದನ್ನ ಯಾರೂ ತಡ ಅಂತ ಗುರುತಿಸೋದೇ ಇಲ್ಲ: ನಿಲುಗಡೆ. ಪಟ್ಟಿಯಲ್ಲಿ ಒಂದು ನಿಮಿಷ ಬರೆದಿರುತ್ತೆ. ಎತ್ತರದ ಪ್ಲಾಟ್‌ಫಾರಂ ಹಳಿಯಿಂದ 760ರಿಂದ 840 ಮಿಲಿಮೀಟರ್ ಮೇಲಿರುತ್ತೆ, ಸಲೀಸಾಗಿ ಹತ್ತಬಹುದು. ಸಣ್ಣ ಹಾಲ್ಟ್‌ಗಳಲ್ಲಿ ಅದು ಹಳಿಯ ಮಟ್ಟಕ್ಕೇ ಇರುತ್ತೆ. ಹೂವಿನ ಮೂಟೆ ಇಟ್ಟುಕೊಂಡ ಅಜ್ಜಿ ಅಲ್ಲಿಂದ ಮೆಟ್ಟಿಲು ಹತ್ತೋಕೆ ಮೊದಲು ಮೂಟೆ ಮೇಲೆ, ಆಮೇಲೆ ಒಂದು ಕೈ, ಆಮೇಲೆ ಒಳಗಿನವರು ಎಳೀಬೇಕು. ಒಂದೊಂದು ಹಾಲ್ಟಲ್ಲೂ ಅರ್ಧ ನಿಮಿಷ ಹೆಚ್ಚಾದರೆ ಹತ್ತು ಹಾಲ್ಟಿಗೆ ಐದು ನಿಮಿಷ. ದೊಡ್ಡ ಸ್ಟೇಷನ್ನಿನ ಕತೆ ಬೇರೆ. 24 ಬೋಗಿಯ ಪ್ಲಾಟ್‌ಫಾರಂ ಅರ್ಧ ಕಿಲೋಮೀಟರಿಗೂ ಉದ್ದ, ನಮ್ಮ ಗಾಡಿ 170 ಮೀಟರ್. ಅದು ಎಲ್ಲಿ ನಿಲ್ಲುತ್ತೆ ಅನ್ನೋದು ಡ್ರೈವರಿಗೆ ಗೊತ್ತು, ಅವರಿಗಾಗಿ ಬೋರ್ಡ್ ನೆಟ್ಟಿರ್ತಾರೆ. ಕಾಯ್ತಾ ನಿಂತವರಿಗೆ ಗೊತ್ತಾಗೋದು ಗಾಡಿ ಮುಂದೆ ಹೋದ ಮೇಲೆ. ಆಗ ಶುರು ಓಟ. ಎಂಟು ಬೋಗಿ ನಿಲ್ಲೋ ಜಾಗದ ಎರಡು ತುದಿಗೆ ಅಡ್ಡಗೆರೆ ಎಳೆಯೋಕೆ ಬೇಕಿರೋದು ಒಂದು ಡಬ್ಬ ಹಳದಿ ಪೇಂಟ್.

ಬೆಳಗ್ಗೆ ಹೀಗೆ ಬಿದ್ದ ತಡ ಸಂಜೆಗೂ ಬರುತ್ತೆ, ಯಾಕಂದ್ರೆ ಅದೇ ರೇಕ್ (ಬೋಗಿಗಳ ಜೋಡಣೆ) ದಿನಕ್ಕೆ ಹಲವು ಟ್ರಿಪ್ ಹೊಡೆಯುತ್ತೆ. ಮೆಮುಗೆ ಎರಡೂ ತುದಿಯಲ್ಲಿ ಕ್ಯಾಬಿನ್ ಇದೆ, ಎಂಜಿನ್ ತಿರುಗಿಸೋ ಗೋಜಿಲ್ಲ. ಆದರೂ ತಿರುಗೋ ನಡುವಿನ ಬಿಡುವು ಬಿದ್ದ ತಡಕ್ಕಿಂತ ಕಮ್ಮಿ ಇದ್ದರೆ ಮುಂದಿನ ಟ್ರಿಪ್ ಹುಟ್ಟುವಾಗಲೇ ಲೇಟು.

ದುಡ್ಡಿನ ವಿಷಯಕ್ಕೆ ಬಂದರೆ ಮೆಮು ಅಗ್ಗವೇ. ಕನಿಷ್ಠ ದರ 10 ರೂಪಾಯಿ. ಕೋವಿಡ್ ನಂತರ 'ಸ್ಪೆಷಲ್' ಅಂತ ಹೆಸರಿಟ್ಟು 30 ಮಾಡಿದ್ದನ್ನ 2024ರ ಫೆಬ್ರುವರಿಯಲ್ಲಿ ಇಳಿಸಿದರು. 'ಸ್ಪೆಷಲ್' ಅನ್ನೋದಕ್ಕೆ ಗುರುತಾಗಿ ಗಾಡಿ ನಂಬರಿನ ಮುಂದೆ ಹಾಕಿದ್ದ ಸೊನ್ನೆ ಮಾತ್ರ 2025ರ ಜನವರಿವರೆಗೆ ಹಾಗೇ ಉಳೀತು. ನಮ್ಮ ಮೆಟ್ರೊದ ಗರಿಷ್ಠ ದರ 2025ರ ಫೆಬ್ರುವರಿಯಲ್ಲಿ 90 ಆದಮೇಲೆ ವೈಟ್‌ಫೀಲ್ಡ್ ಕಡೆಯವರು ರೈಲಿನ ಕಡೆ ತಿರುಗಿ ನೋಡಬೇಕಿತ್ತು. ನೋಡೋರು ಕೇಳೋ ಮೊದಲ ಪ್ರಶ್ನೆ ದರದ್ದಲ್ಲ, 'ಗ್ಯಾರಂಟಿ ಬರುತ್ತಾ?'

ಹೊಸಬರಿಗೆ ಎರಡು ಮಾತು. ರೈಲ್ವೆಯ ಆ್ಯಪ್‌ನಲ್ಲಿ ಟಿಕೆಟ್ ತೆಗೆಯೋವಾಗ ಆರ್ಡಿನರಿ ಮತ್ತು ಮೇಲ್-ಎಕ್ಸ್‌ಪ್ರೆಸ್ ಬೇರೆ ಬೇರೆ. ಆರ್ಡಿನರಿ ತಗೊಂಡು ಎಕ್ಸ್‌ಪ್ರೆಸ್ ಹತ್ತಿದರೆ ದಂಡ. ಸ್ಟೇಷನ್ ಒಳಗೆ ನಿಂತು ಪೇಪರ್ ಇಲ್ಲದ ಟಿಕೆಟ್ ತೆಗೆಯೋಕೆ ಆ್ಯಪ್ ಬಿಡಲ್ಲ, ಗೋಡೆಯ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಬೇಕು, ಇಲ್ಲಾಂದ್ರೆ ಬರೋ ದಾರಿಯಲ್ಲೇ ತೆಗೀಬೇಕು. ತಿಂಗಳ ಪಾಸಿಗೆ ಮಿತಿ 150 ಕಿಲೋಮೀಟರ್, ಹಾಗಾಗಿ 139 ಕಿಲೋಮೀಟರಿನ ಮೈಸೂರು ಒಳಗೇ ಬರುತ್ತೆ. ಸೂಪರ್‌ಫಾಸ್ಟ್ ಹತ್ತೋಕೆ ಬೇರೆ ಸರ್‌ಚಾರ್ಜ್ ಕಟ್ಟಬೇಕು. ಪಾಸ್ ಇದೆ ಅಂತ ರಿಸರ್ವೇಷನ್ ಬೋಗಿಯಲ್ಲಿ ಕೂರೋದು ತಪ್ಪು.

'ಸಬರ್ಬನ್ (ಬೆಂಗಳೂರಿನ ಉಪನಗರ ರೈಲು ಯೋಜನೆ) ಬಂದರೆ ಎಲ್ಲ ಸರಿಹೋಗುತ್ತೆ' ಅನ್ನೋರಿಗೆ: 148 ಕಿಲೋಮೀಟರ್, ನಾಲ್ಕು ಕಾರಿಡಾರ್, ಸಂಪಿಗೆ ಮಲ್ಲಿಗೆ ಪಾರಿಜಾತ ಕನಕ ಅಂತ ಹೂವಿನ ಹೆಸರು, 2022ರ ಜೂನ್‌ನಲ್ಲಿ ಶಂಕುಸ್ಥಾಪನೆ, 40 ತಿಂಗಳ ಮಾತು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗೀತು, ಒಂದರಲ್ಲೂ ಗಾಡಿ ಓಡಿರಲಿಲ್ಲ. ಅದು ಬರೋ ತನಕ ಇರೋ ಹಳಿಯ ಮೇಲೆ ಇರೋ ಮೆಮುವನ್ನೇ ನೆಟ್ಟಗೆ ಓಡಿಸಬೇಕು.

ಹಾಗಾಗಿ ಕೇಳೋದು ಒಂದೇ. ಯಾವ ಗಾಡಿ ಯಾವ ಸ್ಟೇಷನ್ನಿಗೆ ಎಷ್ಟೊತ್ತಿಗೆ ಬಂತು ಅನ್ನೋದು ವಿಭಾಗದ ಕಂಟ್ರೋಲ್ ಆಫೀಸಿನ ಕಂಪ್ಯೂಟರಿನಲ್ಲಿ ಈಗಲೇ ದಾಖಲಾಗ್ತಿದೆ. ವೈಟ್‌ಫೀಲ್ಡ್, ಕೆ.ಆರ್. ಪುರ, ಯಶವಂತಪುರ, ಕೆಂಗೇರಿ, ಕಾರ್ಮೆಲರಾಂ ಈ ಐದು ಸ್ಟೇಷನ್ನಿಗೆ ಬೆಳಗ್ಗೆ 7ರಿಂದ 10ರ ಒಳಗೆ ಬರೋ ಗಾಡಿಗಳ ಪಟ್ಟಿ ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಹಾಕಲಿ: ಗಾಡಿ ನಂಬರ್, ಬರಬೇಕಿದ್ದ ಹೊತ್ತು, 5 ನಿಮಿಷದೊಳಗೆ ಬಂದ ದಿನ ಎಷ್ಟು, 15 ನಿಮಿಷ ದಾಟಿದ ದಿನ ಎಷ್ಟು. ಒಂದು ಎ4 ಹಾಳೆ ಸಾಕು. ಅಲ್ಲೀ ತನಕ ನಿಮ್ಮ ಗಾಡಿಯ ಕೊನೆಯ ಎರಡು ಸ್ಟೇಷನ್ನಿನ ಲೆಕ್ಕ, ಹೋಗೋದಕ್ಕೆ ಎಷ್ಟು ಬರೋದಕ್ಕೆ ಎಷ್ಟು ಅಂತ, ಗಾಡಿ ನಂಬರ್ ಸಮೇತ ಕೆಳಗೆ ಹಾಕಿ.