ವೈನ್ ರುಚಿ ಕಲಿಯಬೇಕಾ? ಎರಡು ಗ್ಲಾಸ್ ಪಕ್ಕಪಕ್ಕ ಇಟ್ಟುಕೊಳ್ಳಿ

ವೈನ್ ಕುಡಿಯಲು ಹೊಸದಾಗಿ ಶುರು ಮಾಡಿದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಎಲ್ಲಾ ಒಂದೇ ಥರ ಹುಳಿ ಹುಳಿ ಇರುತ್ತಲ್ಲ, ಇದರಲ್ಲಿ ಒಳ್ಳೇದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ಎದುರಿಗೆ ಒಂದೇ ಗ್ಲಾಸ್ ಇದ್ದರೆ ಹೊಸಬರಿಗೆ ಗೊತ್ತಾಗುವುದು ಕಷ್ಟ. ಎರಡು ಗ್ಲಾಸ್ ಪಕ್ಕಪಕ್ಕ ಇಟ್ಟುಕೊಳ್ಳಿ, ಮೊದಲ ದಿನವೇ ಗೊತ್ತಾಗಲು ಶುರುವಾಗುತ್ತದೆ. ಗೆಳೆಯರ ಜೊತೆ ಕೂತು ರುಚಿ ನೋಡುತ್ತಾ ನೋಡುತ್ತಾ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದು. ದುಬಾರಿ ಬಾಟಲಿ ಬೇಡ, ಫ್ರೆಂಚ್ ಹೆಸರುಗಳ ಬಾಯಿಪಾಠ ಬೇಡ. ಹೋಲಿಸಿ ನೋಡಬೇಕು, ನಿಧಾನವಾಗಿ ನೋಡಬೇಕು.

ನಮ್ಮಲ್ಲಿ ಬಹಳ ಜನರ ಮೊದಲ ವೈನ್ ಸಿಹಿ ವೈನ್. ಮಂಗಳೂರು ಕಡೆಯ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಅಂತ ಮಾಡಿಟ್ಟಿದ್ದು, ಇಲ್ಲವೇ ಮಡಿಕೇರಿಗೆ ಹೋದಾಗ ಅಂಗಡಿಯಲ್ಲಿ ಕೊಂಡ ಹೋಮ್‌ಮೇಡ್ ವೈನ್, ಇಲ್ಲವೇ ಪೋರ್ಟ್ ಅಂತ ಲೇಬಲ್ ಹಚ್ಚಿದ ಅಗ್ಗದ ಬಾಟಲಿ. ಅವುಗಳ ಮೇಲೆ ನನಗೆ ಪ್ರೀತಿ ಇದೆ, ಅದನ್ನು ಕುಡಿಯುವವರನ್ನು ಕೀಳಾಗಿ ನೋಡುವವರನ್ನು ಕಂಡರೆ ಕೋಪವೂ ಬರುತ್ತದೆ. ಆದರೆ ಸಕ್ಕರೆ ಜಾಸ್ತಿ ಇದ್ದಾಗ ಉಳಿದದ್ದೆಲ್ಲ ಅದರ ಹಿಂದೆ ಅಡಗಿಬಿಡುತ್ತದೆ.

ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿ ಗೊತ್ತಲ್ಲ? 2013ರಲ್ಲಿ ಜಿಐ ಟ್ಯಾಗ್, ಅಂದರೆ ಇಂಥ ಊರಿನದ್ದೇ ಬೆಳೆ ಅನ್ನುವ ಅಧಿಕೃತ ಗುರುತು, ಸಿಕ್ಕಿದ್ದು ಅದಕ್ಕೆ. ಅದು ಲ್ಯಾಬ್ರುಸ್ಕಾ ಎಂಬ ಅಮೆರಿಕದ ದ್ರಾಕ್ಷಿ ಜಾತಿಯ ಗುಣ ಇರುವ ತಳಿ. ಆ ಜಾತಿಯ ದ್ರಾಕ್ಷಿಗಳಿಗೆ ಮೂಗಿಗೆ ಅಡರುವ ಒಂದು ಘಮ ಇರುತ್ತದೆ. ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತು ಅದಕ್ಕೆ ಮುಖ್ಯ ಕಾರಣ. ದ್ರಾಕ್ಷಿ ಫ್ಲೇವರಿನ ಮಿಠಾಯಿಗೆ ಹಾಕುವುದೂ ಅದನ್ನೇ. ಹಾಗಾಗಿ ನಮ್ಮ ತಲೆಯಲ್ಲಿ ದ್ರಾಕ್ಷಿ ಅಂದರೆ ಆ ಘಮ, ವೈನ್ ಅಂದರೆ ಆ ಘಮದ ಜೊತೆ ಸಿಹಿ.

ಹೀಗೆ ಬೆಳೆದ ನಾಲಿಗೆಗೆ ಡ್ರೈ ವೈನ್ ಕೊಟ್ಟರೆ ಮುಖ ಕಿವುಚುವುದು ಸಹಜ. ಡ್ರೈ ವೈನ್‌ನಲ್ಲಿ ಹಣ್ಣಿನ ಸಕ್ಕರೆಯನ್ನು ಬಹುಮಟ್ಟಿಗೆ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡಿರುತ್ತದೆ. ಮೂಗು ಹಣ್ಣು ಅನ್ನುತ್ತದೆ, ನಾಲಿಗೆಗೆ ಸಿಹಿ ಸಿಗುವುದಿಲ್ಲ. ಹೊಸಬರಿಗೆ ಗಲಿಬಿಲಿ ಆಗುವುದು ಇಲ್ಲೇ. ಇದು ವೈನ್‌ನ ದೋಷವೂ ಅಲ್ಲ, ನಿಮ್ಮ ದೋಷವೂ ಅಲ್ಲ. ಮೂಗಿನ ಕೆಲಸ, ನಾಲಿಗೆಯ ಕೆಲಸ ಬೇರೆ ಬೇರೆ ಅಂತ ಮೈಗೆ ತಿಳಿಯಲು ಸ್ವಲ್ಪ ಹೊತ್ತು ಬೇಕು, ಅಷ್ಟೇ.

ಮೊದಲ ಜೋಡಿ ಯಾವುದು ಅಂತ ಕೇಳಿದರೆ ನಾನು ಹೇಳುವುದು ಶೆನಿನ್ ಬ್ಲಾಂಕ್ ಮತ್ತು ಸೋವಿನ್ಯೋನ್ ಬ್ಲಾಂಕ್. ಎರಡೂ ಬಿಳಿ ವೈನ್, ದ್ರಾಕ್ಷಿ ತಳಿಯ ಹೆಸರೇ ವೈನ್‌ಗೂ. ಎರಡೂ ನಮ್ಮ ದೇಶದಲ್ಲೇ ತಯಾರಾಗುತ್ತವೆ. ಒಂದೇ ಕಂಪನಿಯ ಎರಡು ಬಾಟಲಿ ಸಿಕ್ಕರೆ ಇನ್ನೂ ಒಳ್ಳೆಯದು, ವ್ಯತ್ಯಾಸಕ್ಕೆ ದ್ರಾಕ್ಷಿಯೇ ಮುಖ್ಯ ಕಾರಣ ಅಂತ ನಂಬಬಹುದು. ಬಾಯಿ ಸ್ವಲ್ಪ ಕಿರಿದಾದ ಗ್ಲಾಸ್‌ಗೆ ಎರಡು ಬೆರಳಿನಷ್ಟು ಹಾಕಿಕೊಳ್ಳಿ. ತುಂಬಿಸಬೇಡಿ, ಘಮ ನಿಲ್ಲಲು ಜಾಗ ಬೇಕು.

ಗ್ಲಾಸ್ ತಿರುಗಿಸುವ ಮೊದಲು ಒಮ್ಮೆ ಮೂಸಿ. ಈಗ ತಿರುಗಿಸಿ ಮತ್ತೆ ಮೂಸಿ. ಎರಡನೇ ಸಲ ಘಮ ಎದ್ದು ಬರುತ್ತದೆ. ಶೆನಿನ್ ಕಡೆಯಿಂದ ಮಾಗಿದ ಸೀಬೆ, ಒಮ್ಮೊಮ್ಮೆ ಜೇನಿನ ಛಾಯೆ. ಸೋವಿನ್ಯೋನ್‌ಗೆ ಬನ್ನಿ. ಹಸಿರು ದೊಣ್ಣಮೆಣಸಿನಕಾಯಿಯನ್ನು ಈಗಷ್ಟೇ ಹೋಳು ಮಾಡಿದಾಗ ಕೈಗೆ ಹತ್ತುವ ವಾಸನೆ ಬಂತಾ? ಕೊಯ್ದ ಹುಲ್ಲಿನ ವಾಸನೆ? ಇದು ವೈನ್ ಪಂಡಿತರ ಕಲ್ಪನೆಯಲ್ಲ. ಮೆಥಾಕ್ಸಿಪೈರಜೀನ್ ಎಂಬ ವಸ್ತುಗಳು ದೊಣ್ಣಮೆಣಸಿನಕಾಯಲ್ಲೂ ಇವೆ, ಸೋವಿನ್ಯೋನ್ ದ್ರಾಕ್ಷಿಯಲ್ಲೂ ಇವೆ. ದ್ರಾಕ್ಷಿ ಬಿಸಿಲಲ್ಲಿ ಹೆಚ್ಚು ಮಾಗಿದಷ್ಟೂ ಅದು ಕಡಿಮೆಯಾಗುತ್ತದೆ. ಮತ್ತೆ ಶೆನಿನ್‌ಗೆ ಹೋಗಿ, ಮತ್ತೆ ಇಲ್ಲಿಗೆ ಬನ್ನಿ. ಹೀಗೆ ಓಡಾಡುವಾಗಲೇ ಒಂದರಲ್ಲಿ ಏನಿಲ್ಲ ಅನ್ನುವುದು ಇನ್ನೊಂದರಿಂದ ಗೊತ್ತಾಗುವುದು.

ಕೆಂಪು ವೈನ್‌ನಲ್ಲಿ ಇದಕ್ಕಿಂತ ಸೊಗಸಾದ ಉದಾಹರಣೆ ಶಿರಾಜ್ ಎಂಬ ದ್ರಾಕ್ಷಿಯ ವೈನ್. ಕೆಲವು ಶಿರಾಜ್‌ಗಳಲ್ಲಿ ಕಾಳುಮೆಣಸಿನ ವಾಸನೆ ಬರುತ್ತದೆ. ಅದಕ್ಕೆ ಕಾರಣ ರೊಟಂಡೋನ್ ಎಂಬ ವಸ್ತು ಅಂತ ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ನಮ್ಮ ಮಲೆನಾಡಿನ ಮೆಣಸಿನ ಕಾಳಲ್ಲೂ ಅದೇ ರೊಟಂಡೋನ್ ಇದೆ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಸಿಕ್ಕಿತು. ಸುಮಾರು ಐವರಲ್ಲಿ ಒಬ್ಬರಿಗೆ ಈ ವಾಸನೆ ಹಿಡಿಯಲು ಆಗುವುದೇ ಇಲ್ಲ. ಪಕ್ಕದಲ್ಲಿ ಕೂತವರಿಗೆ ಮೆಣಸು ಸಿಕ್ಕಿ ನಿಮಗೆ ಸಿಗದಿದ್ದರೆ ಸುಮ್ನೆ ತಲೆಯಾಡಿಸಬೇಡಿ. ಸಿಗಲಿಲ್ಲ ಅನ್ನಿ. ನಿಮಗೆ ಸಿಕ್ಕಿದ್ದು ನೇರಳೆ ಹಣ್ಣಾದರೆ ನೇರಳೆ ಅನ್ನಿ. ಬ್ಲ್ಯಾಕ್‌ಕರಂಟ್ ತಿಂದೇ ಇಲ್ಲದವರು ಬ್ಲ್ಯಾಕ್‌ಕರಂಟ್ ಅಂತ ಹೇಳಿಕೊಳ್ಳುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ. ಮೂಗು ಗುರುತು ಹಿಡಿಯುವುದು ತಾನು ಕಂಡಿದ್ದನ್ನು ಮಾತ್ರ.

ಇನ್ನು ಬಾಯಿಗೆ ಬರೋಣ. ಒಂದು ಗುಟುಕು ತೆಗೆದುಕೊಂಡು ತಕ್ಷಣ ನುಂಗದೆ ಬಾಯೆಲ್ಲ ಆಡಿಸಿ. ಬಾಯಲ್ಲಿ ನೀರೂರಿದರೆ ಅದು ಹುಳಿಯ ಕೆಲಸ. ನೀರು ಜಾಸ್ತಿ ಊರಿದಷ್ಟೂ ಹುಳಿ ಜಾಸ್ತಿ. ಅದಕ್ಕೆ ವಿರುದ್ಧವಾಗಿ ಒಸಡು ಒಣಗಿ, ನಾಲಿಗೆ ತರಿ ತರಿ ಆಗಿ ಎಳೆದ ಹಾಗಾದರೆ ಅದು ಟ್ಯಾನಿನ್. ಎಳೆ ಅಡಿಕೆ ಜಗಿದವರಿಗೆ ಈ ಒಗರು ಹೊಸದೇನಲ್ಲ. ಅಡಿಕೆಯಲ್ಲಿರುವುದೂ ಟ್ಯಾನಿನ್ನೇ. ವೈನ್‌ಗೆ ಅದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ. ಕೆಂಪು ವೈನ್ ಮಾಡುವಾಗ ರಸವನ್ನು ಸಿಪ್ಪೆಯ ಜೊತೆಯೇ ಹುದುಗು ಬರಿಸುತ್ತಾರೆ, ಅದಕ್ಕೇ ಕೆಂಪಿನಲ್ಲಿ ಒಗರು ಹೆಚ್ಚು. ನಮ್ಮ ಎಂಜಲಿನಲ್ಲಿರುವ ಪ್ರೋಟೀನನ್ನು ಟ್ಯಾನಿನ್ ಹಿಡಿದುಕೊಳ್ಳುವುದರಿಂದ ಬಾಯಿ ಜಾರುವ ಗುಣ ಕಳೆದುಕೊಳ್ಳುತ್ತದೆ. ಇದು ತಿಳಿದ ಮೇಲೆ ಬರೀ "ಕಹಿ" ಅನ್ನುತ್ತಿದ್ದವರು ಇದು ಹುಳಿಯಾ, ಒಗರಾ, ನಿಜಕ್ಕೂ ಕಹಿಯಾ ಅಂತ ಬಿಡಿಸಿ ಹೇಳಲು ಶುರು ಮಾಡುತ್ತಾರೆ. ಆ ಘಳಿಗೆ ನೋಡಲು ನನಗೆ ಬಹಳ ಇಷ್ಟ.

ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ವೈನ್ ಪಾಠ ಹೇಳುವವರು ಇದನ್ನು ಎಲ್ಲ ಕಡೆ ಮಾಡಿಸುತ್ತಾರೆ, ಖರ್ಚು ಏನೂ ಇಲ್ಲ. ಒಂದು ತಟ್ಟೆಯಲ್ಲಿ ನಿಂಬೆ ಹೋಳು, ಚಿಟಿಕೆ ಉಪ್ಪು, ಒಂದು ಚೂರು ಬೆಲ್ಲ, ಒಂದು ಹಸಿಮೆಣಸಿನಕಾಯಿ ಇಟ್ಟುಕೊಳ್ಳಿ. ಡ್ರೈ ಆಗಿರುವ ಕೆಂಪು ವೈನ್ ಒಂದು ಗುಟುಕು ಕುಡಿದು ರುಚಿ ನೆನಪಿಟ್ಟುಕೊಳ್ಳಿ.

ಬೆಲ್ಲ ತಿಂದು ಕುಡಿಯಿರಿ. ಅದೇ ವೈನ್ ಈಗ ಹುಳಿ, ಒಗರು, ತೆಳು. ಹಣ್ಣಿನ ರುಚಿ ಎಲ್ಲಿ ಹೋಯಿತೋ! ನೀರು ಕುಡಿದು ಸ್ವಲ್ಪ ಬಿಟ್ಟು, ನಿಂಬೆ ಚೀಪಿ ಉಪ್ಪು ನೆಕ್ಕಿ ಕುಡಿಯಿರಿ. ವೈನ್ ಮೆತ್ತಗಾಗಿದೆ, ಹಣ್ಣು ವಾಪಸ್ ಬಂದಿದೆ. ಕೊನೆಗೆ ಮೆಣಸಿನಕಾಯಿ ಕಚ್ಚಿ ಕುಡಿಯಿರಿ. ಆಲ್ಕೋಹಾಲ್ ಗಂಟಲು ಸುಡುತ್ತದೆ, ಖಾರ ಇಮ್ಮಡಿಯಾಗುತ್ತದೆ. ಬಾಟಲಿ ಅದೇ, ಗ್ಲಾಸ್ ಅದೇ. ಬದಲಾಗಿದ್ದು ನಿಮ್ಮ ಬಾಯಿ.

ನಮ್ಮ ಊಟಕ್ಕೆ ವೈನ್ ಹೊಂದುವುದಿಲ್ಲ ಅನ್ನುವ ಮಾತಿಗೆ ಉತ್ತರ ಈ ತಟ್ಟೆಯಲ್ಲೇ ಇದೆ. ಖಾರದ ಕೋಳಿ ಸಾರಿನ ಜೊತೆ ಒಗರು ಜಾಸ್ತಿ ಇರುವ ಕೆಂಪು ವೈನ್ ಇಟ್ಟರೆ ಎರಡೂ ಹಾಳು. ಅಲ್ಲಿಗೆ ಸ್ವಲ್ಪ ಸಿಹಿ ಉಳಿದಿರುವ, ಚೆನ್ನಾಗಿ ತಣಿದ ಶೆನಿನ್ ಇಡಿ. ಮೀನು ಫ್ರೈಗೆ ಸೋವಿನ್ಯೋನ್, ನಿಂಬೆ ಹಿಂಡಿದ ಕೆಲಸವನ್ನು ಅದೇ ಮಾಡುತ್ತದೆ. ಕೊಡಗಿನ ಪಂದಿ ಕರಿಯಲ್ಲಿ ಕಾಚಂಪುಳಿಯ ಹುಳಿ ಇದೆ, ಉಪ್ಪಿದೆ, ಕೊಬ್ಬಿದೆ, ಕಾಳುಮೆಣಸಿದೆ. ಶಿರಾಜ್‌ಗೆ ಇದಕ್ಕಿಂತ ಒಳ್ಳೆಯ ಜೊತೆ ನಾನಂತೂ ಕಂಡಿಲ್ಲ. ಮೈಸೂರು ಪಾಕಿನ ಜೊತೆ ಮಾತ್ರ ಡ್ರೈ ವೈನ್ ಬೇಡ. ಬೆಲ್ಲದ ಪ್ರಯೋಗ ಮಾಡಿದವರಿಗೆ ಕಾರಣ ಹೇಳಬೇಕಿಲ್ಲ.

ಕಣ್ಣಿನ ಬಗ್ಗೆಯೂ ಒಂದು ಮಾತು. ಫ್ರಾನ್ಸಿನ ಬೋರ್ಡೊದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್ ಕೊಟ್ಟರು. ಅದೇ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿಯೂ ಕೊಟ್ಟರು. ಬಣ್ಣ ಹಾಕಿದ್ದನ್ನು ಅವರು ಕೆಂಪು ವೈನ್‌ಗೆ ಹೇಳುವ ಮಾತುಗಳಲ್ಲೇ ವರ್ಣಿಸಿದರು. 2001ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಹಿಡಿದುಕೊಂಡು "ವೈನ್ ರುಚಿ ನೋಡೋದೆಲ್ಲ ಬೋಗಸ್" ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಣ್ಣು ಮೂಗಿಗಿಂತ ಮೊದಲು ತೀರ್ಪು ಕೊಟ್ಟುಬಿಡುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಬಣ್ಣ ಮಾತ್ರ ಅಲ್ಲ, ಬೆಲೆ ಮತ್ತು ಲೇಬಲ್ ಕೂಡ ಹಾಗೇ ಮಾಡುತ್ತವೆ. ಅದಕ್ಕೇ ನಾವು ಬಾಟಲಿಗೆ ನ್ಯೂಸ್‌ಪೇಪರ್ ಸುತ್ತಿ, ಮೇಲೆ ಒಂದು, ಎರಡು ಅಂತ ಬರೆದು ಕುಡಿಯುತ್ತೇವೆ. ಪೇಪರ್ ಬಿಚ್ಚಿದಾಗ ಗೆದ್ದದ್ದು ಅಗ್ಗದ ಬಾಟಲಿ ಆಗಿದ್ದರೆ, ಆ ಖುಷಿಯೇ ಬೇರೆ.

ಅಂಗಡಿಯಲ್ಲಿ ಕೊಳ್ಳುವಾಗ ಒಂಚೂರು ಹುಷಾರು. ನಮ್ಮೂರಿನ ಬಹಳಷ್ಟು ಮದ್ಯದಂಗಡಿಗಳಲ್ಲಿ ವೈನ್ ಇರುವುದು ಮೇಲಿನ ಶೆಲ್ಫಿನಲ್ಲಿ, ಟ್ಯೂಬ್‌ಲೈಟ್ ಪಕ್ಕ, ಧೂಳು ಹಿಡಿದು. ಏಪ್ರಿಲ್ ಬಿಸಿಲಲ್ಲಿ ಅಲ್ಲಿ ಎಷ್ಟು ಸೆಕೆ ಇರುತ್ತೆ ಯೋಚಿಸಿ. ರಮ್ ತಡೆಯುತ್ತದೆ, ವೈನ್ ತಡೆಯುವುದಿಲ್ಲ. ವೈನ್ ಬೇಗ ಖರ್ಚಾಗುವ ಅಂಗಡಿಯಲ್ಲಿ, ಇತ್ತೀಚಿನ ವರ್ಷದ ಬಿಳಿ ವೈನ್ ಕೇಳಿ ತೆಗೆದುಕೊಳ್ಳಿ. ಕಾರ್ಕ್ ಬದಲು ತಿರುಚುವ ಮುಚ್ಚಳ ಇದ್ದರೆ ಕೀಳು ಅಂದುಕೊಳ್ಳಬೇಡಿ, ಬೇಗ ಕುಡಿಯುವ ವೈನ್‌ಗೆ ಅದೇ ವಾಸಿ.

ಕೆಂಪು ವೈನ್ ರೂಮ್ ಟೆಂಪರೇಚರ್‌ನಲ್ಲಿ ಇರಬೇಕು ಅನ್ನುವುದು ಯುರೋಪಿನ ತಣ್ಣನೆಯ ಮನೆಗಳಲ್ಲಿ ಹುಟ್ಟಿದ ಮಾತು. ಅಲ್ಲಿಯ ಲೆಕ್ಕ 16ರಿಂದ 18 ಡಿಗ್ರಿ. ಬೇಸಿಗೆಯಲ್ಲಿ ಕಲಬುರಗಿಯ ರೂಮ್ ಟೆಂಪರೇಚರ್ ಎಷ್ಟು ಅಂತ ಅಲ್ಲಿಯವರನ್ನೇ ಕೇಳಿ. ಬೆಂಗಳೂರಿನಲ್ಲೂ ಕೆಂಪು ವೈನನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಇದನ್ನೂ ಎರಡು ಗ್ಲಾಸಿನಲ್ಲೇ ಪರೀಕ್ಷಿಸಬಹುದು. ಒಂದು ಹೊರಗಿಟ್ಟಿದ್ದು, ಒಂದು ತಣಿಸಿದ್ದು. ಹೊರಗಿಟ್ಟಿದ್ದರಲ್ಲಿ ಮೂಗಿಗೆ ಮೊದಲು ಬಡಿಯುವುದು ಸ್ಪಿರಿಟ್. ತಣಿಸಿದ್ದರಲ್ಲಿ ಹಣ್ಣು.

ನನಗೆ ಬೇಜಾರಿನ ಒಂದು ವಿಷಯ ಹೇಳಲೇಬೇಕು. ನಮ್ಮಲ್ಲಿ ಒಳ್ಳೆಯ ವೈನ್ ತಯಾರಾಗುತ್ತದೆ. ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರೆಂಚ್ ತಜ್ಞರ ನೆರವಿನಿಂದ ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಹತ್ತಿರ ಫ್ರೆಂಚ್ ತಳಿಗಳನ್ನು ನೆಟ್ಟು ದಶಕಗಳೇ ಆದವು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ರಾತ್ರಿಯ ತಂಪು, ಅದರಿಂದ ಹಣ್ಣಿನಲ್ಲಿ ಉಳಿಯುವ ಹುಳಿ, ಇವೆಲ್ಲ ಆ ಜಾಗದ ಬಲ. ಹಂಪಿ ಕಡೆಯ ಬಂಡೆಗಳ ನಡುವೆ ಕ್ರಸ್ಮಾ ಎಸ್ಟೇಟ್ ಇದೆ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿಯನ್ನೂ ತಂದಿತು. ಇಷ್ಟೆಲ್ಲ ಇದ್ದೂ ವೈನರಿ ಟೂರ್‌ಗೆ ಹೋದರೆ ರುಚಿ ನೋಡಿಸುವ ಕೆಲಸ ಅವಸರದಲ್ಲಿ ಮುಗಿದುಹೋಗುತ್ತದೆ. ನಾನು ಹೋದ ಒಂದು ಕಡೆ ಒಂದೇ ಗ್ಲಾಸಿಗೆ ಒಂದಾದ ಮೇಲೊಂದು ಸುರಿದರು. ಹಿಂದಿನದನ್ನು ಮುಂದಿನದರ ಜೊತೆ ಹೋಲಿಸಲು ದಾರಿಯೇ ಇಲ್ಲ. ಉಗುಳಲು ಪಾತ್ರೆ ಕೇಳಿದರೆ ಯಾಕೆ ಅನ್ನುವ ಹಾಗೆ ನೋಡಿದರು. ಪ್ರತಿಯೊಬ್ಬರಿಗೂ ಎರಡು ಗ್ಲಾಸ್ ಕೊಟ್ಟು, ಸ್ವಲ್ಪ ಸಮಯ ಕೊಟ್ಟು, ಕನ್ನಡದಲ್ಲಿ ನಾಲ್ಕು ಮಾತು ಹೇಳಿದರೆ ಎಷ್ಟು ಜನ ಒಲಿಯುತ್ತಾರೆ! ಇದು ದೊಡ್ಡ ಖರ್ಚಿನ ಕೆಲಸ ಅಲ್ಲ.

ಉಗುಳುವುದರಲ್ಲಿ ನಾಚಿಕೆ ಏನೂ ಇಲ್ಲ. ರುಚಿ ನೋಡುವುದೇ ಕೆಲಸವಾದವರು ಉಗುಳುತ್ತಾರೆ. ವೈನ್ ಹೃದಯಕ್ಕೆ ಒಳ್ಳೆಯದು ಅಂತ ನಾನು ಯಾರಿಗೂ ಹೇಳುವುದಿಲ್ಲ. ಎಷ್ಟು ಕಡಿಮೆ ಕುಡಿದರೂ ಪೂರ್ತಿ ಸುರಕ್ಷಿತ ಅನ್ನುವಂತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕುಡಿಯದೇ ಇರುವವರು ಈ ಬರಹ ಓದಿ ಶುರು ಮಾಡಬೇಕಾಗಿಲ್ಲ. ನಂದಿ ಕಡೆ ಟೂರ್‌ಗೆ ಹೋಗುವವರು ದಯವಿಟ್ಟು ಕುಡಿಯದ ಒಬ್ಬರ ಕೈಗೆ ಗಾಡಿ ಕೊಡಿ.

ಒಂದು ಬಾಟಲಿ 750 ಎಂಎಲ್. ಎರಡು ಬಾಟಲಿ ತೆಗೆದರೆ ನಾಲ್ಕು ಜನ ಸೇರಿ ರುಚಿ ನೋಡಿದರೂ ಮಿಗುತ್ತದೆ, ಮಿಗಲೇಬೇಕು. ಮುಚ್ಚಳ ಬಿಗಿ ಮಾಡಿ ಫ್ರಿಜ್‌ನಲ್ಲಿಡಿ, ಕೆಂಪನ್ನೂ ಅಷ್ಟೇ. ಮರುದಿನ ಎರಡನ್ನೂ ಮತ್ತೆ ಒಂದೊಂದು ಗುಟುಕು ನೋಡಿ. ಒಗರಾಗಿದ್ದ ಎಳೆಯ ಕೆಂಪು ವೈನ್ ಗಾಳಿ ತಾಗಿ ಸ್ವಲ್ಪ ಮೆತ್ತಗಾಗಿರಬಹುದು. ಸೋವಿನ್ಯೋನ್‌ನ ಹಸಿರು ಘಮ ಇಳಿದಿರಬಹುದು. ಮೂರು ನಾಲ್ಕು ದಿನ ದಾಟಿದ ಮೇಲೆ ಕೊಯ್ದಿಟ್ಟ ಸೇಬಿನ ವಾಸನೆ ಬರತೊಡಗಿದರೆ ಅದು ಆಕ್ಸಿಡೀಕರಣ, ಅಂದರೆ ಗಾಳಿ ತಾಗಿ ವೈನ್ ಕೆಡುತ್ತಿದೆ. ಅದನ್ನೂ ಒಮ್ಮೆ ಮೂಸಿ ನೆನಪಿಟ್ಟುಕೊಳ್ಳಿ. ಮುಂದೆ ಯಾವುದಾದರೂ ಹೋಟೆಲಿನಲ್ಲಿ ಎಂದೋ ತೆರೆದಿಟ್ಟ ಬಾಟಲಿಯಿಂದ ಗ್ಲಾಸ್ ತುಂಬಿಸಿ ಕೊಟ್ಟರೆ, ವಾಪಸ್ ಕಳಿಸಿ ಬೇರೆ ಕೇಳಲು ನಿಮಗೆ ಧೈರ್ಯ ಇರುತ್ತದೆ.